ಬಿ.ಎಚ್. ರಸ್ತೆಗೆ ಬಸ್ ದಾರಿ: ಜನರನ್ನು ಕೇಳುವುದು ಹೇಗೆ?

ರಸ್ತೆ ಯೋಜನೆಯೊಂದರ ಅಭಿಪ್ರಾಯ ಸಭೆಗೆ ಹೋಗಿದ್ದೆ. ವಾರದ ನಡುವೆ, ಬೆಳಿಗ್ಗೆ ಹನ್ನೊಂದು ಗಂಟೆ. ದಿನಾ ಬಸ್ಸಿನಲ್ಲಿ ಓಡಾಡುವವರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ ಅಲ್ವಾ? ಗೋಡೆಯ ಮೇಲಿನ ನಕ್ಷೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಂದ ಕೆಲವರು ಸಹಿ ಹಾಕಿ ಎದ್ದು ಹೋದರು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕ್ಯಾತ್ಸಂದ್ರದಿಂದ ಗುಬ್ಬಿ ಗೇಟ್‌ವರೆಗೆ ಬಿಆರ್‌ಟಿ (ಬಸ್ ರ‍್ಯಾಪಿಡ್ ಟ್ರಾನ್ಸಿಟ್) ಬರುತ್ತದೆ ಅಂತಿಟ್ಟುಕೊಳ್ಳಿ. ಆಗ ಹೀಗೆ ಆಗಬಾರದು.

ಬಿಆರ್‌ಟಿ ಅಂದರೆ ಬಸ್ಸಿಗೇ ಮೀಸಲಾದ ದಾರಿ. ಟಿಕೆಟ್ ನಿಲ್ದಾಣದಲ್ಲೇ. ಬಸ್ಸಿನ ನೆಲ, ನಿಲ್ದಾಣದ ನೆಲ ಒಂದೇ ಮಟ್ಟ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ ಹತ್ತಿದವರಿಗೆ ಇದು ಗೊತ್ತು.

ಮೊದಲು ಎಣಿಕೆ. ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 7. ಗಾಡಿ ಎಣಿಸಬೇಡಿ, ಗಾಡಿಯೊಳಗಿನ ಜನರನ್ನು ಎಣಿಸಿ. ಶೇರ್ ಆಟೋದಲ್ಲಿ ಕೂತವರೂ ಸೇರಲಿ.

ಆಮೇಲೆ ಟೇಪು ಹಿಡಿದು ರಸ್ತೆ ಅಳೆಯಿರಿ. ಹೋಗುವ ಬಸ್ಸಿಗೆ 3.5 ಮೀಟರ್, ಬರುವುದಕ್ಕೆ ಅಷ್ಟೇ, ನಡುವಿನ ನಿಲ್ದಾಣಕ್ಕೆ ಸುಮಾರು 4. ಅಲ್ಲಿಗೆ 11 ಮೀಟರ್ ಆಯಿತು. ಫುಟ್‌ಪಾತ್ ಕತ್ತರಿಸಿ ಜಾಗ ಹೊಂದಿಸಬೇಡಿ. ಬಸ್ಸಿಗೆ ಬರುವವರೆಲ್ಲ ನಡೆದೇ ಬರುವವರು.

ಈಗ ಕಷ್ಟದ ಭಾಗ, ಜನರನ್ನು ಕೇಳುವುದು. 'ಬಿಆರ್‌ಟಿ ಬೇಕಾ?' ಅಂತ ಕೇಳಿದರೆ ಎಲ್ಲರೂ 'ಬೇಕು' ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. 'ನಿನ್ನೆ ಎಲ್ಲಿಗೆ ಹೋಗಿದ್ರಿ? ಬಸ್ಸಿಗೆ ಎಷ್ಟು ಹೊತ್ತು ಕಾದ್ರಿ? ಇಳಿದ ಮೇಲೆ ಎಷ್ಟು ದೂರ ನಡೆದ್ರಿ?' ಹೀಗೆ ಕೇಳಿ. ಜನ ಬರಲಿ ಅಂತ ಕಾಯಬೇಡಿ, ಅವರಿದ್ದಲ್ಲಿಗೆ ಹೋಗಿ. ಬೆಳಗಿನ ಜಾವ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆ, ಸಂಜೆ ಕಾಲೇಜು ಬಿಡುವ ಹೊತ್ತು, ಭಾನುವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್ ಮುಂದೆ. ಸಿದ್ಧಗಂಗಾ ಜಾತ್ರೆಗೆ ಹಳ್ಳಿಯಿಂದ ಬರುವವರನ್ನೂ ಮಾತಾಡಿಸಿ. ವಾಟ್ಸಾಪ್ ಫಾರ್ಮ್ ಒಂದನ್ನೇ ನಂಬಬೇಡಿ, ಅದನ್ನು ತುಂಬುವವರಲ್ಲಿ ಬೈಕ್ ಇರುವವರೇ ಜಾಸ್ತಿ.

ನಕ್ಷೆಗಿಂತ ನೆಲದ ಮೇಲಿನ ಗೆರೆ ಮೇಲು. ಒಮ್ಮೆ ಮೈದಾನದಲ್ಲಿ ಸುಣ್ಣದ ಪುಡಿ ಎಳೆದು ರಸ್ತೆಯ ಇಡೀ ಅಗಲವನ್ನು ನಿಜವಾದ ಅಳತೆಯಲ್ಲೇ ಬರೆದೆವು. ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರನ್ನು 'ದಾಟಿ ತೋರಿಸಿ ಅಜ್ಜಿ' ಅಂತ ಕೇಳಿದೆವು. ಅರ್ಧ ದಾರಿಗೆ ಬಂದು ನಿಂತರು. 'ಸಿಗ್ನಲ್ ಬಿದ್ದೋದ್ರೆ ನಾನು ಎಲ್ಲಪ್ಪ ನಿಂತ್ಕೊಳ್ಲಿ?' ಅಂದರು. ನಮ್ಮ ನಕ್ಷೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ! ಅವತ್ತೇ ಬಸ್ ದಾರಿಯ ಎರಡೂ ಕಡೆ ತಂಗುವ ಕಟ್ಟೆ ಸೇರಿಸಿದೆವು. 3ಡಿ ವಿಡಿಯೊಗೆ ದುಡ್ಡು ಸುರಿಯಬೇಡಿ. ಅದರಲ್ಲಿ ರಸ್ತೆ ಯಾವಾಗಲೂ ಖಾಲಿ, ತಳ್ಳುಗಾಡಿ ಒಂದೂ ಇರುವುದಿಲ್ಲ.

ಅಂಗಡಿಯವರನ್ನೂ ಆಟೋದವರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿ. ಸರಕು ಯಾವ ಹೊತ್ತಿಗೆ ಇಳಿಸಬೇಕು, ಆಟೋ ಸ್ಟ್ಯಾಂಡ್ ಎಲ್ಲಿಗೆ ಹೋಗಬೇಕು ಅನ್ನುವುದು ಅಲ್ಲೇ ಬರಹದಲ್ಲಿ ಇತ್ಯರ್ಥವಾಗಲಿ. ಕಾರಿನವರ ಸಿಟ್ಟನ್ನೂ ಮೊದಲೇ ಕೇಳಿಸಿಕೊಳ್ಳಿ. ದೆಹಲಿಯಲ್ಲಿ 2008ರಲ್ಲಿ ಶುರುವಾದ 5.8 ಕಿ.ಮೀ. ಬಸ್ ದಾರಿಗೆ ಕಾರಿನವರ ವಿರೋಧ ಜೋರಾಗಿಯೇ ಇತ್ತು. 2016ರಲ್ಲಿ ಅದನ್ನು ಕಿತ್ತು ಹಾಕಿದರು.

ಕೊನೆಗೆ ಉತ್ತರ ಕೊಡಿ. ಬಂದ ಪ್ರತಿ ಸಲಹೆಯ ಎದುರು 'ಒಪ್ಪಿದ್ದೇವೆ' ಅಥವಾ 'ಆಗುವುದಿಲ್ಲ, ಕಾರಣ ಇದು' ಅಂತ ಕನ್ನಡದಲ್ಲಿ ಬರೆದು ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಿ. ಅಕ್ಷರ ದೊಡ್ಡದಿರಲಿ. ಮುಂದಿನ ಸಭೆಯ ದಿನಾಂಕವನ್ನು ಅದರ ಕೆಳಗೇ ಹಾಕಿ, ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ.