ಕಟ್ಟಿದವರೇ ಬಿಚ್ಚಬೇಕು: ಮಂಡ್ಯದಿಂದ ಮೈಸೂರಿಗೆ ಮನೆ ಸಾಗಿಸಿದ ನನ್ನ ಅನುಭವ

ಪ್ಯಾಕಿಂಗ್‌ನವರಿಗೆ ನಾನು ಹಾಕಿದ್ದು ಒಂದೇ ಷರತ್ತು. ಮಂಡ್ಯದಲ್ಲಿ ಯಾರು ಬಾಕ್ಸ್ ಕಟ್ಟುತ್ತಾರೋ ಅವರೇ ಮೈಸೂರಿಗೆ ಬಂದು ಅದನ್ನು ಬಿಚ್ಚಬೇಕು. ಕೂಲಿಯ ಒಂದು ಪಾಲು ಬಿಚ್ಚಿದ ಮೇಲೆಯೇ ಕೈಗೆ. ಕ್ಯಾಂಟರ್ ಬೇರೆ, ಹಮಾಲಿ ಬೇರೆ. ಅದಕ್ಕೂ ಇವರಿಗೂ ಸಂಬಂಧವಿಲ್ಲ.

ಇದನ್ನು ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಕಟ್ಟೋಕೆ ಬರ್ತಾರೆ, ಬಿಚ್ಚೋಕೆ ಯಾರು ಬರ್ತಾರೆ?" ಎಂದರು ನಮ್ಮ ಯಜಮಾನರು. ಮೈದುನ ಫೋನಿನಲ್ಲಿ, "ಅತ್ತಿಗೆ, ದುಡ್ಡು ಹಿಡ್ಕೊಂಡ್ರೆ ಅರ್ಧ ಕಟ್ಟಿ ಬಿಟ್ಟು ಹೋಗ್ತಾರೆ. ಸುಮ್ನೆ ಯಾವುದಾದ್ರೂ ದೊಡ್ಡ ಕಂಪನಿಗೆ ಕೊಟ್ಬಿಡಿ" ಎಂದ. ಅತ್ತೆಯವರಿಗೆ ದಸರಾ ಗೊಂಬೆಗಳದ್ದೇ ಚಿಂತೆ. ಅವರು ಮದುವೆಯಾಗಿ ಬಂದಾಗಿನಿಂದ ಕೂಡಿಸಿಟ್ಟ ಮಣ್ಣಿನ ಗೊಂಬೆಗಳು ಅವು. "ಹೊರಗಿನವರ ಕೈಗೆ ಕೊಡೋದಾದ್ರೆ ನಾನೇ ಮಡಿಲಲ್ಲಿ ಇಟ್ಕೊಂಡು ಬಸ್ಸಲ್ಲಿ ಬರ್ತೀನಿ" ಎಂದರು. ಈಗ ಆ ಗೊಂಬೆಗಳು ಮೈಸೂರಿನ ಕುವೆಂಪುನಗರದ ಮನೆಯಲ್ಲಿವೆ. ಒಂದರ ಕಿವಿಯ ಓಲೆ ಕೂಡ ಉದುರಿಲ್ಲ. ಮೈದುನನೇ ಈಗ ಕಟ್ಟಿದ ತಂಡದ ಮೇಸ್ತ್ರಿಯ ನಂಬರ್ ಕೇಳಿದ್ದಾನೆ.

ಯಜಮಾನರದ್ದು ವರ್ಗಾವಣೆಯ ಕೆಲಸ. ಶಿವಮೊಗ್ಗ, ಬಳ್ಳಾರಿ, ಹಾಸನ, ಮಂಡ್ಯ ಎಂದು ಸುತ್ತಿದ್ದೇವೆ. ಪ್ರತಿ ಸಲವೂ ಸಾಮಾನು ಕಟ್ಟಿಸುವ ಹೊಣೆ ನನ್ನದೇ. ಬಾಕ್ಸ್, ಟೇಪು, ಬಬಲ್ ರ‍್ಯಾಪ್ ಬಗ್ಗೆ ಮೊದಲಿನಿಂದ ಹೇಳುತ್ತಾ ಕೂರುವುದಿಲ್ಲ. ಮನೆ ಬದಲಿಸಿದವರಿಗೆ ಅವೆಲ್ಲ ಗೊತ್ತೇ ಇದೆ.

ಬಳ್ಳಾರಿಯಿಂದ ಹಾಸನಕ್ಕೆ ಬಂದಾಗ ಎಲ್ಲವನ್ನೂ ಒಂದೇ ಕಂಪನಿಗೆ ಒಪ್ಪಿಸಿದ್ದೆವು. ಫೋನಿನಲ್ಲೇ ರೇಟು ಹೇಳಿದ್ದರು. ಅಟ್ಟದ ಮೇಲೆ ಏನಿದೆ ಎಂದು ಕೇಳಲೇ ಇಲ್ಲ. ಸಾಮಾನು ಅರ್ಧ ಲಾರಿಗೆ ಏರಿದ ಮೇಲೆ "ಐಟಂ ಜಾಸ್ತಿ ಇದೆ" ಎಂದು ಆರೇಳು ಸಾವಿರ ಹೆಚ್ಚು ಕೇಳಿದರು. ಮಂಚ ಮನೆಯೊಳಗೆ, ಹಾಸಿಗೆ ಲಾರಿಯೊಳಗೆ. ಆಗ ಯಾರು ತಾನೇ ಜಗಳ ಆಡುತ್ತಾರೆ? ಕೊಟ್ಟೆವು. ಹಾಸನದಲ್ಲಿ ತೆರೆದು ನೋಡಿದರೆ ಉಪ್ಪಿನಕಾಯಿ ಜಾಡಿ ಎರಡು ಹೋಳು, ಊಟದ ಮೇಜಿನ ಗಾಜು ಬಿರುಕು, ಅತ್ತೆಯವರ ಗೊಂಬೆಗಳಲ್ಲಿ ಏಳೋ ಎಂಟೋ ಗೊಂಬೆಗೆ ಕೈಯಿಲ್ಲ. ಫೋನು ಮಾಡಿದರೆ ಕಟ್ಟಿದ ತಂಡ ಬೇರೆ, ಏರಿಸಿದವರು ಬೇರೆ, ಇಳಿಸಿದವರು ಬೇರೆ ಎಂದರು. ಎಲ್ಲರೂ ಸರಿಯಾಗಿಯೇ ಮಾಡಿದ್ದರಂತೆ. ಯಾರನ್ನು ಕೇಳುವುದು?

ಇನ್ಶೂರೆನ್ಸ್ ಎಂದು ಸಾಮಾನಿನ ಬೆಲೆಯ ಮೇಲೆ ಮೂರು ಪರ್ಸೆಂಟ್ ತೆಗೆದುಕೊಂಡಿದ್ದರು. ಪಾಲಿಸಿ ನಂಬರ್ ಕೊಡಿ ಎಂದಾಗ ಕೊಡಲಿಲ್ಲ. ಅದು ಅವರದೇ 'ಎಫ್‌ಒವಿ' (ಫ್ರೈಟ್ ಆನ್ ವ್ಯಾಲ್ಯೂ, ಅಂದರೆ ಸಾಮಾನಿನ ಬೆಲೆಯ ಮೇಲೆ ಸಾಗಿಸುವವರೇ ಹಾಕುವ) ಚಾರ್ಜಂತೆ, ಇನ್ಶೂರೆನ್ಸ್ ಕಂಪನಿಗೆ ಹೋಗುವ ದುಡ್ಡಲ್ಲ. ಆಮೇಲೆ ನಾನೇ ಕೂತು ಓದಿದೆ. 2007ರ ರಸ್ತೆ ಸಾಗಣೆ ಕಾಯ್ದೆ, ಅದರ 2011ರ ನಿಯಮಗಳು ಇವೆ. ಸಾಮಾನಿನ ಬೆಲೆ ಹೆಚ್ಚು ಎಂದು ಮೊದಲೇ ಬರೆದು ಕೊಡದಿದ್ದರೆ, ಸಾಗಿಸುವವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಬಿಡುತ್ತದೆ. ಒಡೆದ ಬಗ್ಗೆ ನೋಟಿಸ್ ಕೊಡಲು ಬುಕ್ ಮಾಡಿದ ದಿನದಿಂದ 180 ದಿನ ಗಡುವು. ದೂರದ ಊರಿಗೆ ಲಾರಿ ಹಾಕುವವರು ರಸೀದಿ ತೆಗೆದುಕೊಳ್ಳದೆ ಗಾಡಿ ಬಿಡಬೇಡಿ.

ಹಾಸನದಿಂದ ಮಂಡ್ಯಕ್ಕೆ ನಾವೇ ಕಟ್ಟಿಕೊಂಡೆವು. ಕಿರಾಣಿ ಅಂಗಡಿಯಿಂದ ತಂದ ಖಾಲಿ ಡಬ್ಬಗಳು, ಒಂದೊಂದು ಒಂದೊಂದು ಅಳತೆ. ಒಂದರ ಮೇಲೆ ಒಂದು ಇಟ್ಟರೆ ಕೆಳಗಿನದು ಕುಸಿಯುತ್ತಿತ್ತು. ತಿಂಗಳುಗಟ್ಟಲೆ ಡಬ್ಬಗಳ ನಡುವೆಯೇ ಅಡುಗೆ, ಊಟ, ನಿದ್ದೆ. ಉಳಿದದ್ದು ಹತ್ತು ಸಾವಿರ ಇರಬಹುದು. ಯಜಮಾನರ ಸೊಂಟದ ಚಿಕಿತ್ಸೆಗೆ ಅದರಲ್ಲಿ ಮುಕ್ಕಾಲು ಹೋಯಿತು.

ಹಾಗಾಗಿ ಮೈಸೂರಿಗೆ ಹೊರಟಾಗ ಕೆಲಸವನ್ನು ಬಿಡಿಬಿಡಿ ಮಾಡಿದೆ. ಕಟ್ಟುವ ಕೈ ಪಳಗಿದ್ದಿರಬೇಕು, ಅದಕ್ಕೆ ದುಡ್ಡು ಕೊಡಲು ನನಗೆ ಬೇಸರವಿಲ್ಲ. ಮಿಕ್ಕದ್ದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ದೊಡ್ಡ ಕಂಪನಿಗಳಿಗೆ ದಿನಗೂಲಿಗೆ ಹೋಗುವ ತಂಡಗಳು ನಮ್ಮ ಊರುಗಳಲ್ಲೇ ಇವೆ. ನನಗೆ ಸಿಕ್ಕ ಮೇಸ್ತ್ರಿ ಮಂಡ್ಯದವರೇ. ಅವರ ಜೊತೆ ಒಬ್ಬ ಹುಡುಗ, ಇಬ್ಬರು ಹೆಂಗಸರು. ಷರತ್ತು ಹೇಳಿದಾಗ ಅವರು ಒಂದು ಗಳಿಗೆ ಸುಮ್ಮನಿದ್ದು, "ನಾವು ಕಟ್ಟಿದ್ನ ನಾವೇ ಬಿಚ್ಚೋಕೆ ಕಷ್ಟ ಏನಿಲ್ಲ ಕಣಕ್ಕ. ಇಲ್ಲಿಗಂಟ ಯಾರೂ ಕೇಳಿಲ್ಲ ಅಷ್ಟೇಯ. ಹೋಗಿ ಬರೋ ಚಾರ್ಜು, ಮಧ್ಯಾಹ್ನದ ಊಟ ನಿಮ್ದು" ಎಂದರು. ಚಾರ್ಜು ಹೆಚ್ಚೇನೂ ಆಗಲಿಲ್ಲ. ಗಂಡಸರಿಬ್ಬರು ರೈಲಿನಲ್ಲಿ ಬಂದರು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ.

ಅವರು ಅಷ್ಟು ಸುಲಭವಾಗಿ ಒಪ್ಪಲು ಇನ್ನೊಂದು ಕಾರಣವಿತ್ತು. ಅದು ಆಷಾಢ. ಮೇ, ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಇವರನ್ನು ಹಿಡಿಯಲು ಆಗುವುದಿಲ್ಲ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ, ಇವರಿಗೆ ಕೆಲಸವೇ ಇರುವುದಿಲ್ಲ. ಜೂನ್‌ನಲ್ಲಿ ಇದೇ ಕೆಲಸಕ್ಕೆ ಹದಿಮೂರು, ಹದಿನಾಲ್ಕು ಸಾವಿರ ಕೇಳುತ್ತಿದ್ದರು. ನನಗೆ ಒಂಬತ್ತೂವರೆ ಸಾವಿರಕ್ಕೆ ಮುಗಿಯಿತು. "ಆಷಾಢದಲ್ಲಿ ಮನೆ ಬಿಡ್ತೀಯಾ?" ಎಂದು ಅತ್ತೆ ಸಿಟ್ಟಾದರು. ಮನೆ ಬಿಡುವುದಿಲ್ಲ, ಕಟ್ಟಿಸಿ ಇಡುತ್ತೇನೆ ಅಷ್ಟೇ ಎಂದೆ. ಆಷಾಢದ ಕೊನೆಯ ವಾರ ಕಟ್ಟಿಸಿದ್ದು. ಭೀಮನ ಅಮಾವಾಸ್ಯೆ ಮುಗಿದು ಶ್ರಾವಣ ಬಂದ ಮೇಲೆ, ಅತ್ತೆಯೇ ನೋಡಿದ ಒಳ್ಳೆಯ ದಿನ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಶಾಸ್ತ್ರವೂ ಉಳಿಯಿತು, ದುಡ್ಡೂ ಉಳಿಯಿತು.

ಆಷಾಢಕ್ಕೆ ಒಂದು ತೊಂದರೆ ಇದೆ. ತುಂತುರು ಮಳೆ, ಥಂಡಿ ಗಾಳಿ. ಮೂರು ಪದರದ ರಟ್ಟು ನೆಲದ ತೇವ ಹೀರಿ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಐದು ಪದರದ ಬಾಕ್ಸನ್ನೇ ತರಿಸಿದೆ. ಬಿಚ್ಚಿದ ಮಂಚದ ಹಲಗೆಗಳನ್ನು ನೆಲಕ್ಕೆ ಹಾಸಿ ಅದರ ಮೇಲೆ ಬಾಕ್ಸ್ ಜೋಡಿಸಿದೆವು. ಮರದ ಸಾಮಾನಿಗೆ ಸ್ಟ್ರೆಚ್ ಫಿಲ್ಮ್ ಸುತ್ತುವ ಕೆಲಸವನ್ನು ಹೊರಡುವ ಬೆಳಿಗ್ಗೆಗೇ ಇಟ್ಟೆ. ಮುಂಚೆಯೇ ಸುತ್ತಿಟ್ಟರೆ ಒಳಗೆ ತೇವ ನಿಂತು ಪಾಲಿಶ್ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಶಿವಮೊಗ್ಗದಲ್ಲಿ ತೇಗದ ಮಂಚಕ್ಕೆ ಹಾಗೇ ಆಗಿತ್ತು.

ಪ್ಯಾಕಿಂಗ್ ಸಾಮಾನು ನಾನೇ ತಂದೆ. ಅವರದಾದರೆ ಒಂದು ಸುತ್ತು ಸುತ್ತಿ ಸಾಕು ಎನ್ನುತ್ತಾರೆ, ಉಳಿದ ಬಬಲ್ ಅವರ ಲಾಭ. ನನ್ನದಾದರೆ ಕೈ ಬಿಚ್ಚಿ ಸುತ್ತುತ್ತಾರೆ. ಹೊಸ ಬಾಕ್ಸ್, ಬಬಲ್ ರೋಲ್, ಫೋಮ್ ಶೀಟು, ಬಿಳಿ ಕಾಗದ, ಟೇಪು ಎಲ್ಲ ಸೇರಿ ಐದು ಸಾವಿರದ ಹತ್ತಿರ. ಮೈಸೂರಿನ ಸಂತೇಪೇಟೆ ಕಡೆ ಸಗಟಿನಲ್ಲಿ ತಂದದ್ದು. ಯಾವ ಅಂಗಡಿ ಎಂದು ಹೇಳುವುದಿಲ್ಲ, ಆ ರೇಟು ನನಗೆ ಹಳೆಯ ಪರಿಚಯದ ಮೇಲೆ ಸಿಕ್ಕಿದ್ದು.

ಕೂಲಿಯನ್ನು ಹೇಗೆ ಮಾತಾಡಬೇಕು ಎನ್ನುವುದನ್ನೂ ಬಹಳ ಯೋಚಿಸಿದೆ. ಬಾಕ್ಸ್ ಲೆಕ್ಕದಲ್ಲಿ ಕೊಟ್ಟರೆ ಅರ್ಧ ಖಾಲಿ ಬಾಕ್ಸ್‌ಗಳು ಬರುತ್ತವೆ. ದಿನದ ಲೆಕ್ಕವಾದರೆ ಕೆಲಸ ಎಳೆಯುತ್ತದೆ. ಇಡೀ ಮನೆಗೆ ಇಷ್ಟು ಎಂದು ಮಾತಾಡಿದೆ. ಕಟ್ಟಿದ ದಿನ ಆರು ಸಾವಿರ, ಬಿಚ್ಚಿದ ದಿನ ಮೂರೂವರೆ.

ಪ್ರತಿ ಬಾಕ್ಸ್‌ನ ಪಕ್ಕದಲ್ಲಿ ನಂಬರ್, ಯಾವ ಕೋಣೆ, ಕಟ್ಟಿದವರ ಹೆಸರಿನ ಮೊದಲ ಅಕ್ಷರ ಬರೆಸಿದೆ. ಮೇಲೆ ಬರೆದರೆ ಒಂದರ ಮೇಲೆ ಒಂದು ಇಟ್ಟಾಗ ಕಾಣುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಅದೇ ಪಟ್ಟಿ. ಆ ಒಂದು ಅಕ್ಷರ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಟೇಪು ಹಾಕುವ ಮುಂಚೆ ಬಾಕ್ಸ್ ಎತ್ತಿ ಅಲ್ಲಾಡಿಸಿ, ಸದ್ದು ಬಂದರೆ ಮತ್ತೆ ತೆಗೆದು ಸಂದಿ ತುಂಬುತ್ತಿದ್ದರು. ನಾನು ಹೇಳಿಕೊಟ್ಟದ್ದಲ್ಲ. ಮೈಸೂರಲ್ಲಿ ನನ್ನ ಮುಂದೆ ತೆರೆಯಬೇಕಾದವರು ತಾವೇ ಎಂದು ಅವರಿಗೆ ಗೊತ್ತಿತ್ತು.

ಗೊಂಬೆಗಳನ್ನು ತಂಡದ ಹಿರಿಯ ಹೆಂಗಸೊಬ್ಬರಿಗೇ ವಹಿಸಿದೆ. ಬೇರೆ ಯಾರೂ ಮುಟ್ಟುವಂತಿಲ್ಲ. ಅತ್ತೆಯವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನ್ಯೂಸ್ ಪೇಪರ್ ಬೇಡ, ಅದರ ಶಾಯಿ ಬಣ್ಣಕ್ಕೆ ಹತ್ತುತ್ತದೆ. ಬಬಲ್ ಕೂಡ ನೇರವಾಗಿ ಸುತ್ತಬಾರದು. ಬಿಸಿಲಲ್ಲಿ ಲಾರಿ ಕಾದರೆ ಗುಳ್ಳೆಯ ಗುರುತು ಹೊಳೆಯುವ ಬಣ್ಣದ ಮೇಲೆ ಉಳಿಯುತ್ತದೆ. ಮೊದಲು ಮೆತ್ತನೆ ಬಿಳಿ ಕಾಗದ. ಕಂಕುಳು, ಕತ್ತು, ಎತ್ತಿದ ಕೈಯ ಸಂದಿಗೆ ಹಳೆ ಪಂಚೆಯ ಚೂರುಗಳ ಮೆತ್ತೆ. ಅದರ ಮೇಲೆ ಫೋಮ್, ಆಮೇಲೆ ಬಬಲ್. ಒಂದೊಂದಕ್ಕೂ ಒಂದು ಪುಟ್ಟ ಡಬ್ಬ, ನಾಲ್ಕೈದು ಡಬ್ಬ ಸೇರಿ ಒಂದು ದೊಡ್ಡ ಬಾಕ್ಸ್. ಗೊಂಬೆ ಕೂರಿಸುವಾಗ ಹೇಗೆ ನಿಲ್ಲುತ್ತದೋ ಬಾಕ್ಸ್‌ನಲ್ಲೂ ಹಾಗೇ ನಿಲ್ಲಬೇಕು, ಮಲಗಿಸಬಾರದು. ಪಟ್ಟದ ಗೊಂಬೆಯೂ ಚನ್ನಪಟ್ಟಣದ ಗೊಂಬೆಗಳೂ ಮರದವು, ಅವಕ್ಕೆ ಇಷ್ಟು ಉಪಚಾರ ಬೇಕಿಲ್ಲ. ವೀಣೆ ಹಿಡಿದ ಸರಸ್ವತಿಯ ಬೆರಳುಗಳಿಗೆ ಆ ಅಕ್ಕ ಒಂದು ಕಟ್ಟು ಹಾಕಿದರು. ಎರಡು ಕಡ್ಡಿ, ಒಂದು ದಾರ. ಅದು ಹೇಗೆ ಎಂದು ಬರೆಯುವುದಿಲ್ಲ. ಅದು ಅವರ ಅನ್ನದ ವಿದ್ಯೆ.

ಇದರ ನಡುವೆ ನನ್ನ ಒಂದೆರಡು ಪ್ರಯೋಗ. ಮಂಡ್ಯದಲ್ಲಿ ಭತ್ತದ ಹೊಟ್ಟಿಗೆ ಬರವೇ? ಮಿಲ್ಲಿನಿಂದ ಒಂದು ಚೀಲ ತರಿಸಿ, ಒಡೆದ ಗೊಂಬೆಯೊಂದನ್ನು ಹೊಟ್ಟಿನ ಡಬ್ಬದಲ್ಲಿ ಹೂತು, ಸ್ಕೂಟರ್ ಹಿಂದೆ ಕಟ್ಟಿ ಊರೆಲ್ಲ ಸುತ್ತಿಸಿದೆ. ಕುಲುಕಾಟಕ್ಕೆ ಹೊಟ್ಟು ಕುಳಿತು ಗೊಂಬೆ ತಳಕ್ಕೆ ಇಳಿದಿತ್ತು. ಬಣ್ಣದ ಗೆರೆಗಳಲ್ಲೆಲ್ಲ ದೂಳು. ಹೊಟ್ಟು ಕೆಲಸಕ್ಕೆ ಬರಲಿಲ್ಲ. ಹುಲ್ಲು ಬಂತು. ಒಣಗಿದ ಭತ್ತದ ಹುಲ್ಲನ್ನು ಹೆಣೆದು ಜಾಡಿಗೆ ಸುತ್ತಿ, ಗೋಣಿತಾಟಿನಲ್ಲಿ ಬಿಗಿದರೆ ಬಬಲ್‌ಗಿಂತ ಗಟ್ಟಿ. ಖರ್ಚೂ ಇಲ್ಲ. ಮೇಸ್ತ್ರಿಯೂ ನೋಡಿ ತಲೆದೂಗಿದರು. ಆದರೆ ಹುಲ್ಲು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಜರಿ ಸೀರೆಗಳನ್ನು ಪ್ಲಾಸ್ಟಿಕ್‌ನಲ್ಲಿ ಹಾಕಲು ಬಿಡಲಿಲ್ಲ, ಹತ್ತಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಇಟ್ಟೆ. ಒಡವೆ, ಪತ್ರಗಳು ನನ್ನ ಚೀಲದಲ್ಲೇ. ಫ್ರಿಜ್ಜು, ಬ್ಯಾಟರಿ, ಗ್ಯಾಸಿನ ವಿಷಯ ಎಲ್ಲರಿಗೂ ಗೊತ್ತು, ಬಿಡಿ.

ಕ್ಯಾಂಟರ್‌ಗೆ ಐದೂವರೆ ಸಾವಿರ, ಎರಡೂ ಕಡೆ ಹಮಾಲಿಗೆ ಮೂರು ಸಾವಿರ. ಡ್ರೈವರ್ ಗಣಂಗೂರು ಟೋಲ್ ಉಳಿಸಲು ಸರ್ವಿಸ್ ರಸ್ತೆಯಲ್ಲಿ ಹೋಗುತ್ತೇನೆ ಎಂದ. ಟೋಲ್ ದುಡ್ಡು ನಾನೇ ಕೊಡುತ್ತೇನೆ, ಹೆದ್ದಾರಿಯಲ್ಲೇ ಹೋಗು ಎಂದೆ. ಹಂಪು, ಗುಂಡಿ, ಬ್ರೇಕು, ಗೊಂಬೆಗೆ ಶತ್ರುಗಳು ಇವೇ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಚೀಟಿ) ಬೇಕಿಲ್ಲ. ಆದರೂ ನೋಟ್‌ಬುಕ್ಕಿನ ಪಟ್ಟಿಯ ಜೆರಾಕ್ಸ್ ಒಂದನ್ನು ಡ್ರೈವರ್ ಕೈಗೆ ಕೊಟ್ಟಿದ್ದೆ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತರ ಒಳಗೆ ನಾಲ್ವರೂ ಕುವೆಂಪುನಗರದ ಮನೆ ಬಾಗಿಲಲ್ಲಿದ್ದರು. ಯಜಮಾನರು ಏನೂ ಮಾತಾಡದೆ ಕಾಫಿ ಮಾಡಲು ಒಳಗೆ ಹೋದರು. ಯಾವ ಬಾಕ್ಸ್‌ನಲ್ಲಿ ಏನು ಎಲ್ಲಿದೆ ಎಂದು ಕಟ್ಟಿದವರಿಗೆ ಗೊತ್ತಿರುತ್ತದೆ ಅಲ್ವಾ, ಹುಡುಕಾಟವೇ ಇಲ್ಲ. ಅಡುಗೆಮನೆ ಮಧ್ಯಾಹ್ನದೊಳಗೆ ತಯಾರು, ಅವರಿಗೆ ಊಟ ಅಲ್ಲೇ ಬಡಿಸಿದೆ. ಸಂಜೆ ನಾಲ್ಕಕ್ಕೆ ಮನೆ ಮನೆಯ ಹಾಗೆ ಕಾಣುತ್ತಿತ್ತು. ಈ ಹಿಂದೆ ಇಷ್ಟಕ್ಕೆ ನಮಗೆ ಹದಿನೈದು ದಿನವಾದರೂ ಹಿಡಿಯುತ್ತಿತ್ತು.

ಒಡೆದದ್ದು ಒಂದು ಗಾಜಿನ ಬಟ್ಟಲು, ಸೀಳಿದ್ದು ಒಂದು ಫೋಟೊ ಫ್ರೇಮು. ಎರಡೂ ಆ ಹುಡುಗನ ಅಕ್ಷರದ ಬಾಕ್ಸ್‌ಗಳು. ಅವನೇ ತೆಗೆದು, ಅವನೇ ನೋಡಿ, "ನಡುವೆ ರಟ್ಟು ಇಡ್ಲಿಲ್ಲ ಅಕ್ಕ, ನಂದೇ" ಎಂದ. ನಾನು ಕೂಲಿಯಲ್ಲಿ ಒಂದು ರೂಪಾಯಿಯೂ ಮುರಿಯಲಿಲ್ಲ. ಬಳ್ಳಾರಿಯಿಂದ ಬಂದಾಗ ನನಗೆ ಬೇಕಿದ್ದದ್ದು ಇಂಥ ಒಂದು ಉತ್ತರ.

ಒಟ್ಟು ಖರ್ಚು ಇಪ್ಪತ್ತಮೂರು ಸಾವಿರದ ಆಸುಪಾಸು, ಜೊತೆಗೆ ಊಟ, ಚಾರ್ಜು. ಕಂಪನಿಗಳು ಹೇಳಿದ್ದು ಇಪ್ಪತ್ತಾರರಿಂದ ಮೂವತ್ತರವರೆಗೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅದರಲ್ಲಿ ಬಿಚ್ಚಿ ಜೋಡಿಸುವುದು ಸೇರಿರಲಿಲ್ಲ. ಬಾಕ್ಸ್‌ಗಳು ಚೆನ್ನಾಗಿಯೇ ಉಳಿದಿದ್ದವು. ಮನೆ ಖಾಲಿ ಮಾಡುತ್ತಿದ್ದ ಹಿಂದಿನ ರಸ್ತೆಯವರೊಬ್ಬರಿಗೆ ಸಾವಿರ ರೂಪಾಯಿಗೆ ಕೊಟ್ಟೆ.

ಈ ಲೆಕ್ಕ ನಡೆಯುವುದು ತಂಡ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ದೂರಕ್ಕೆ ಮಾತ್ರ. ಮೈಸೂರು, ಮಂಡ್ಯ, ಹಾಸನ, ಬೆಂಗಳೂರಿನ ಒಳಗೆ ಧೈರ್ಯವಾಗಿ ಮಾಡಬಹುದು. ನನ್ನ ತಂಗಿ ಬರುವ ವರ್ಷ ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವವಳಿದ್ದಾಳೆ. ಅಷ್ಟು ದೂರಕ್ಕೆ ನಾಲ್ವರನ್ನು ಕರೆಸಲು ಆಗುವುದಿಲ್ಲ. ಒಡೆಯುವ ಸಾಮಾನನ್ನೆಲ್ಲ ಮೇಸ್ತ್ರಿಯೊಬ್ಬರೇ ಕಟ್ಟಿ, ರಾತ್ರಿ ರೈಲಿನಲ್ಲಿ ಹೋಗಿ, ಅಷ್ಟನ್ನು ಮಾತ್ರ ಬಿಚ್ಚಿ ಬರಬೇಕು ಎಂದು ಮಾತು ನಡೆದಿದೆ. ಅವರು ಟಿಕೆಟ್ ಬಿಟ್ಟು ಐದು ಸಾವಿರ ಎನ್ನುತ್ತಿದ್ದಾರೆ. ನಾನು ನಾಲ್ಕಕ್ಕೆ ನಿಂತಿದ್ದೇನೆ.