‘ಬೈ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ನಾನು ತುಮಕೂರಿನಲ್ಲಿ ಸಂಜೆ ಹೊತ್ತು, ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಗಾರ್ಮೆಂಟ್ಸ್ ಸೂಪರ್‌ವೈಸರ್, ನರ್ಸ್, ಮೆಡಿಕಲ್ ಶಾಪಿನಲ್ಲಿ ಕೂರುವ ಹುಡುಗರು, ಹೀಗೆ ಎಲ್ಲರೂ ಬರುತ್ತಾರೆ. ಇವರಿಗೆ ದೊಡ್ಡ ಪದಗಳು ಕಷ್ಟವಲ್ಲ. ಡಿಕ್ಷನರಿ ಫೋನಿನಲ್ಲೇ ಇದೆ. ಕೈಕೊಡುವುದು ಟು, ವಿತ್, ಫಾರ್ ತರಹದ ಪುಟ್ಟ ಪದಗಳು. ಅದರಲ್ಲೂ ‘ಬೈ’. ಡಿಕ್ಷನರಿಯಲ್ಲಿ ಹುಡುಕಿದರೆ ‘ಇಂದ, ಮೂಲಕ, ಹತ್ತಿರ, ಒಳಗೆ, ಪ್ರಕಾರ’ ಅಂತ ಸಾಲಾಗಿ ಕೊಟ್ಟಿರುತ್ತಾರೆ. ಯಾವುದು ಎಲ್ಲಿ ಅಂತ ಮಾತ್ರ ಗೊತ್ತಾಗುವುದಿಲ್ಲ.

ಆದ್ದರಿಂದ ‘ಬೈ ಅಂದ್ರೆ ಕನ್ನಡದಲ್ಲಿ ಏನು’ ಅಂತ ಕೇಳಲು ಹೋಗಬೇಡಿ. ನೀವು ಹೇಳಬೇಕಾದ ಮಾತನ್ನು ಮೊದಲು ಕನ್ನಡದಲ್ಲಿ, ಮನೆಯಲ್ಲಿ ಆಡುವ ಹಾಗೆ ಹೇಳಿಕೊಳ್ಳಿ. ಪದದ ಬಾಲದಲ್ಲಿ ಏನು ಬಂತು ಅಂತ ಕೇಳಿಸಿಕೊಳ್ಳಿ. ‘ಒಳಗೆ’ ಬಂತಾ, ‘ತನಕ’ ಬಂತಾ, ‘ಇಂದ’ ಬಂತಾ, ‘ಲೆಕ್ಕದಲ್ಲಿ’ ಬಂತಾ? ಅಷ್ಟು ಗಮನಿಸಿದರೆ ಬೈ ಬೇಕೋ ಬೇಡವೋ ಅನ್ನುವುದು ಬಹುಪಾಲು ತೀರ್ಮಾನವಾದ ಹಾಗೆ.

ಗಡುವಿನ ಬೈಯಿಂದ ಶುರು ಮಾಡೋಣ. ಕೆಲಸದ ಜಾಗದಲ್ಲಿ ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಸೂಪರ್‌ವೈಸರ್ ಒಬ್ಬರು ಒಂದು ಸಂಜೆ ಫೋನಿನಲ್ಲಿ ಈಮೇಲ್ ತೋರಿಸಿದರು. ಬಟ್ಟೆ ಕೊಳ್ಳುವ ಕಂಪನಿಯಿಂದ ಬಂದದ್ದು. ‘ಪ್ಲೀಸ್ ಸೆಂಡ್ ದ ಸ್ಯಾಂಪಲ್ಸ್ ಬೈ ಥರ್ಸ್‌ಡೇ’ ಅಂತಿತ್ತು. ಅದಕ್ಕೆ ಇವರು ಟೈಪ್ ಮಾಡಿಟ್ಟಿದ್ದ ಉತ್ತರ: ‘ವಿ ವಿಲ್ ಸೆಂಡ್ ದ ಸ್ಯಾಂಪಲ್ಸ್ ಅಂಟಿಲ್ ಥರ್ಸ್‌ಡೇ.’

‘ಕನ್ನಡದಲ್ಲಿ ಏನು ಹೇಳ್ಬೇಕು ಅಂತಿದ್ರಿ?’ ಅಂತ ಕೇಳಿದೆ.

‘ಗುರುವಾರದೊಳಗೆ ಕಳಿಸ್ತೀವಿ ಅಂತ ಮೇಡಂ.’

‘ನೀವು ಬರೆದಿರೋದು ಗುರುವಾರದ ತನಕ ಕಳಿಸ್ತಾ ಇರ್ತೀವಿ ಅಂತ.’

ಅವರು ಎರಡೂ ವಾಕ್ಯವನ್ನು ತಮ್ಮಷ್ಟಕ್ಕೆ ಹೇಳಿಕೊಂಡು, ‘ಅಂಟಿಲ್’ ಅಳಿಸಿ ‘ಬೈ’ ಹಾಕಿದರು. ವ್ಯಾಕರಣದ ಒಂದು ಹೆಸರನ್ನೂ ನಾನು ಹೇಳಬೇಕಾಗಲಿಲ್ಲ. ಒಳಗೆ ಮತ್ತು ತನಕ, ಇವೆರಡರ ವ್ಯತ್ಯಾಸ ನಮಗೆ ಚಿಕ್ಕಂದಿನಿಂದ ಗೊತ್ತು, ಅಲ್ವಾ? ‘ಅಂಗಡಿ ಒಂಬತ್ತು ಗಂಟೆ ತನಕ ತೆಗೆದಿರುತ್ತೆ’ ಅನ್ನುತ್ತೇವೆ. ಅಲ್ಲಿಯವರೆಗೂ ಅದೇ ಸ್ಥಿತಿ ಮುಂದುವರಿಯುತ್ತದೆ. ಅದು ಅಂಟಿಲ್. ‘ಒಂಬತ್ತು ಗಂಟೆಯೊಳಗೆ ಬಾಗಿಲು ಹಾಕಿ’ ಅಂದರೆ ಒಂದು ಕೆಲಸ ಒಂದೇ ಸಲ ಆಗಿ ಮುಗಿಯಬೇಕು. ಅದು ಬೈ.

ಇಲ್ಲಿ ಒಂದು ಎಚ್ಚರ ಬೇಕು. ‘ಒಳಗೆ’ ಅಂದಾಗಲೆಲ್ಲ ಬೈ ಬರುವುದಿಲ್ಲ. ‘ಒಂದು ಗಂಟೆಯೊಳಗೆ ಬರ್ತೀನಿ’ ಅನ್ನುವ ಮಾತನ್ನೇ ನೋಡಿ. ಗಡಿಯಾರದಲ್ಲಿ ಒಂದು ಹೊಡೆಯುವುದರೊಳಗೆ ಅಂತಲೂ ಆಗಬಹುದು, ಈಗಿನಿಂದ ಅರವತ್ತು ನಿಮಿಷದೊಳಗೆ ಅಂತಲೂ ಆಗಬಹುದು. ಕನ್ನಡದಲ್ಲಿ ಎರಡಕ್ಕೂ ಅದೇ ‘ಒಳಗೆ’. ಕೇಳಿದವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ. ಮೊದಲನೆಯದು ‘ಬೈ ಒನ್ ಓ ಕ್ಲಾಕ್’. ಎರಡನೆಯದು ‘ವಿದಿನ್ ಆ್ಯನ್ ಅವರ್’. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದರೆ ಬೈ: ಸೋಮವಾರದೊಳಗೆ, 10ನೇ ತಾರೀಕಿನೊಳಗೆ, ಸಂಜೆಯೊಳಗೆ. ಎಷ್ಟು ಹೊತ್ತು, ಎಷ್ಟು ದಿನ ಅಂತ ಅಳತೆ ಹೇಳುತ್ತಿದ್ದರೆ ವಿದಿನ್: ಎರಡು ದಿನದೊಳಗೆ, ಒಂದು ವಾರದೊಳಗೆ. ‘ಬೈ ಟೂ ಡೇಸ್’ ಅಂತ ಬರೆಯುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಬಿಟ್ಟುಬಿಡಿ.

‘ಬೈ 10ತ್’ ಅಂದರೆ 10ನೇ ತಾರೀಕು ಸೇರುತ್ತಾ ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಸೇರುತ್ತದೆ. ಆದರೆ ದುಡ್ಡಿನ ವಿಷಯ, ಕರಾರಿನ ವಿಷಯ ಆದರೆ ‘ಆನ್ ಆರ್ ಬಿಫೋರ್’ ಅಂತ ಬರೆಯಿರಿ. ಆಮೇಲೆ ಯಾರೂ ತಕರಾರು ತೆಗೆಯುವ ಹಾಗಿರುವುದಿಲ್ಲ.

ಗಡುವಿನ ಬೈಗೆ ಇನ್ನೊಂದು ರೂಪ ಇದೆ. ಕನ್ನಡದಲ್ಲಿ ‘ಹೊತ್ತಿಗೆ’ ಬಂದರೆ ಅದು ‘ಬೈ ದ ಟೈಮ್’. ‘ನಾನು ಬಸ್ ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಬಸ್ಸು ಹೋಗಿತ್ತು’ ಅನ್ನುವುದು ‘ಬೈ ದ ಟೈಮ್ ಐ ರೀಚ್ಡ್ ದ ಬಸ್ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್’ ಆಗುತ್ತದೆ. ನಮ್ಮ ‘ಹೋಗಿತ್ತು’ ಅಲ್ಲಿ ‘ಹ್ಯಾಡ್ ಲೆಫ್ಟ್’ ಆಗಿ ಕೂತಿದೆ ನೋಡಿ. ಮುಂದೆ ಆಗುವ ಸಂಗತಿಯಾದರೆ ‘ಬೈ ದ ಟೈಮ್ ಯು ಕಮ್’ ಅಷ್ಟೇ. ‘ಬೈ ದ ಟೈಮ್ ಯು ವಿಲ್ ಕಮ್’ ಬೇಡ.

ಒಂದೇ ಪದ ಇಷ್ಟೆಲ್ಲ ಕೆಲಸ ಯಾಕೆ ಮಾಡುತ್ತದೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಬೀ’ ಅಂತಿತ್ತು, ಒತ್ತಿ ಹೇಳದಿದ್ದಾಗ ‘ಬೆ’. ಅರ್ಥ ‘ಪಕ್ಕ, ಬಳಿ’. ಜರ್ಮನ್ನರು ಇವತ್ತಿಗೂ ಅದೇ ಅರ್ಥದಲ್ಲಿ ‘ಬೈ’ ಅನ್ನುತ್ತಾರೆ. ಆ ಹಳೆಯ ‘ಬೆ’ ಎಲ್ಲೂ ಹೋಗಿಲ್ಲ. ಬಿಫೋರ್, ಬಿಹೈಂಡ್, ಬಿಲೋ, ಬಿಸೈಡ್, ಬಿಟ್ವೀನ್ ಎಲ್ಲದರ ಮೊದಲಲ್ಲೂ ಇರುವುದು ಅದೇ. ಬಿಹೈಂಡ್ ಅಂದರೆ ಹಿಂಬದಿಯ ಪಕ್ಕ. ಬಿಟ್ವೀನ್‌ನ ಎರಡನೆಯ ಭಾಗಕ್ಕೂ ಎರಡು ಅನ್ನುವ ‘ಟೂ’ಗೂ ಒಂದೇ ಬೇರು. ಬಿಕಾಸ್ ಕೂಡ ‘ಬೈ’ ಮತ್ತು ‘ಕಾಸ್’ ಸೇರಿ ಆದದ್ದು, ಅಂದರೆ ‘ಕಾರಣದಿಂದ’. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಎಲ್ಲರೂ ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ‘ಬಿ’ಯಿಂದ ಶುರುವಾಗುವ ಪದ ಹುಡುಕತೊಡಗುತ್ತಾರೆ. ನನಗೆ ಪಾಠ ಮಾಡಲು ತುಂಬಾ ಇಷ್ಟವಾಗುವ ಗಳಿಗೆ ಅದು.

ಪಕ್ಕ ಅನ್ನುವ ಅರ್ಥದಿಂದ ‘ಪಕ್ಕದಲ್ಲಿ ಹಾದು’ ಬಂತು. ಹಾದು ಹೋಗುವುದರಿಂದ ‘ಆ ದಾರಿಯಾಗಿ’ ಬಂತು. ದಾರಿಯಿಂದ ‘ಆ ಉಪಾಯದ ಮೂಲಕ’, ಅದರಿಂದ ‘ಇಂಥವರಿಂದ’. ಹೊತ್ತಿನ ಪಕ್ಕ ಇದ್ದದ್ದು ‘ಆ ಹೊತ್ತಿನೊಳಗೆ’ ಆಯಿತು. ಕೆಲಸ ಮಾಡಿದವರನ್ನು ತೋರಿಸಲು ಬೈ ಒಂದೇ ಗಟ್ಟಿಯಾಗಿ ನಿಂತದ್ದು ಬಹಳ ತಡವಾಗಿ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಸೈತಾನ ಯೇಸುವನ್ನು ಪರೀಕ್ಷಿಸುವ ಕಡೆ ‘ಟೆಂಪ್ಟೆಡ್ ಆಫ್ ದ ಡೆವಿಲ್’ ಅಂತಿದೆ. ಈಗ ಯಾರೇ ಬರೆದರೂ ‘ಬೈ ದ ಡೆವಿಲ್’ ಅನ್ನುತ್ತಾರೆ.

ಪಕ್ಕ ಅನ್ನುವ ಮೂಲ ಅರ್ಥ ಈಗಲೂ ಬಳಕೆಯಲ್ಲಿದೆ. ‘ಕಿಟಕಿ ಪಕ್ಕ ಕೂತ್ಕೋ’ ಅಂದರೆ ‘ಸಿಟ್ ಬೈ ದ ವಿಂಡೋ’. ಆದರೆ ‘ಹತ್ತಿರ’ ಅಂದಾಗ ನಿಯರ್ ಹಾಕಿ. ಮಲ್ಪೆಯಲ್ಲಿ ಕಡಲಿಗೆ ಮುಖ ಮಾಡಿದ ಮನೆ ‘ಬೈ ದ ಸೀ’. ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಉಡುಪಿಯ ಮನೆ ‘ನಿಯರ್ ದ ಸೀ’. ಬೈ ಅಂದರೆ ಮಗ್ಗುಲಲ್ಲೇ ಇರಬೇಕು.

ಇನ್ನು ‘ಇಂದ’. ಇದು ಕನ್ನಡಿಗರಿಗೆ ದೊಡ್ಡ ಗೊಂದಲ, ಯಾಕೆಂದರೆ ನಮ್ಮ ‘ಇಂದ’ವೂ ಒಬ್ಬಂಟಿಯಾಗಿ ಬಹಳ ಕೆಲಸ ಮಾಡುತ್ತದೆ. ರಾಮನಿಂದ ರಾವಣ ಸತ್ತ, ಬಾಣದಿಂದ ಸತ್ತ. ಎರಡಕ್ಕೂ ಇಂದ. ಇಂಗ್ಲಿಷಿನಲ್ಲಿ ‘ಕಿಲ್ಡ್ ಬೈ ರಾಮ ವಿತ್ ಆ್ಯನ್ ಆ್ಯರೋ’. ಕೆಲಸ ಮಾಡಿದವರಿಗೆ ಬೈ, ಅವರು ಬಳಸಿದ ವಸ್ತುವಿಗೆ ವಿತ್. ನರ್ಸ್‌ಗಳಿಗೆ ನಾನು ಕೊಡುವ ವಾಕ್ಯ: ‘ದ ಬ್ಲಡ್ ವಾಸ್ ಡ್ರಾನ್ ಬೈ ದ ನರ್ಸ್ ವಿತ್ ಎ ಸಿರಿಂಜ್.’ ಬೆಂಗಳೂರಿನಿಂದ ಬಂದರೆ ಫ್ರಮ್. ನಿನ್ನೆಯಿಂದ ಜ್ವರ ಇದ್ದರೆ ಸಿನ್ಸ್. ಗುಂಡಿ ಒತ್ತುವುದರಿಂದ ಮೆಷೀನ್ ಶುರುವಾದರೆ ಮತ್ತೆ ಬೈ: ‘ಬೈ ಪ್ರೆಸ್ಸಿಂಗ್ ದಿಸ್ ಬಟನ್’.

‘ನನ್ನಿಂದ ಆಗಲ್ಲ’ ಅನ್ನುವುದಕ್ಕೆ ಬೈ ಬೇಡವೇ ಬೇಡ. ‘ಐ ಕಾಂಟ್ ಡೂ ಇಟ್’ ಅನ್ನಿ, ಸಾಕು. ಹಾಗೆಯೇ ಅರ್ಜಿ ಬರೆಯುವಾಗ ‘ದ ಫಾರ್ಮ್ ವಾಸ್ ಸಬ್ಮಿಟೆಡ್ ಬೈ ಮಿ’ ಅಂತ ಬರೆಯುವ ಚಟ ನಮ್ಮಲ್ಲಿ ಜಾಸ್ತಿ. ‘ಫಾರ್ಮು ನನ್ನಿಂದ ಸಲ್ಲಿಸಲ್ಪಟ್ಟಿತು’ ಅಂತ ನೀವು ಯಾರ ಹತ್ತಿರವಾದರೂ ಮಾತಾಡುತ್ತೀರಾ? ‘ಫಾರ್ಮ್ ಕೊಟ್ಟೆ’ ಅನ್ನುತ್ತೀರಿ. ಇಂಗ್ಲಿಷಿನಲ್ಲೂ ‘ಐ ಸಬ್ಮಿಟೆಡ್ ದ ಫಾರ್ಮ್’ ಚೆನ್ನಾಗಿದೆ, ಚಿಕ್ಕದಾಗಿದೆ, ಓದುವವರಿಗೂ ಸುಲಭ.

ಲೆಕ್ಕದ ಬೈ ನಮಗೆ ಹೋಟೆಲಿನಲ್ಲೇ ಪರಿಚಯ. ‘ಬೈ ಟೂ ಕಾಫಿ’ ಅಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡಿ ಅಂತ. ಒಂದು ಭಾಗಿಸು ಎರಡು, ‘ಒನ್ ಬೈ ಟೂ’. ಇದು ನಮ್ಮ ಕಡೆಯ ಬಳಕೆ. ಲಂಡನ್ನಿನ ಹೋಟೆಲಿನಲ್ಲಿ ಕೇಳಿದರೆ ತಿಳಿಯಲಾರದು. ಅದೇ ಬೈ ಸೈಟಿನ ವಿಷಯದಲ್ಲಿ ಗುಣಿಸುತ್ತದೆ. ‘30 ಬೈ 40’ ಅಂದರೆ 1200 ಚದರ ಅಡಿ. ಇಂಗ್ಲಿಷಿನಲ್ಲಿ ಭಾಗಿಸುವುದೂ ಬೈ, ಗುಣಿಸುವುದೂ ಬೈ. ಡಿವೈಡ್ ಅಥವಾ ಮಲ್ಟಿಪ್ಲೈ ಅನ್ನುವ ಪದ ಜೊತೆಗಿದ್ದರೆ ಮಾತ್ರ ಯಾವುದೆಂದು ಖಚಿತ.

ಲೆಕ್ಕದಲ್ಲೇ ಇನ್ನೊಂದು ಮುಖ್ಯ ಸಂಗತಿ ಇದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಇದು ‘ದ ಪ್ರೈಸ್ ವೆಂಟ್ ಅಪ್ ಬೈ ಫೋರ್ ರುಪೀಸ್’. ಇಲ್ಲಿ ಬೈ ಬದಲು ಟು ಹಾಕಿದರೆ ಹಾಲು ಲೀಟರಿಗೆ ನಾಲ್ಕೇ ರೂಪಾಯಿ ಅಂತ ಅರ್ಥ! ಕನ್ನಡದಲ್ಲಿ ‘ಇಷ್ಟು ಏರಿತು’ ಅಂದರೆ ಬೈ, ‘ಇಷ್ಟಕ್ಕೆ ಏರಿತು’ ಅಂದರೆ ಟು. ಸಂಬಳದ ಮಾತುಕತೆಗೆ ಕೂರುವ ಮುಂಚೆ ಇದನ್ನು ನಾಲ್ಕು ಸಲ ಬಾಯಲ್ಲಿ ಹೇಳಿಕೊಳ್ಳಿ.

‘ಲೆಕ್ಕದಲ್ಲಿ’ ಬಂದರೆ ‘ಬೈ ದ’. ಗಂಟೆ ಲೆಕ್ಕದಲ್ಲಿ ಸಂಬಳ ‘ಪೇಡ್ ಬೈ ದ ಅವರ್’. ಕೆಜಿ ಲೆಕ್ಕದಲ್ಲಿ ಮಾರಿದರೆ ‘ಸೋಲ್ಡ್ ಬೈ ದ ಕಿಲೋ’. ಮಾತು ಇಮ್ಮಡಿಯಾದರೆ ಬೈ ನಡುವೆ ಬರುತ್ತದೆ: ಒಬ್ಬೊಬ್ಬರಾಗಿ ‘ಒನ್ ಬೈ ಒನ್’, ದಿನೇ ದಿನೇ ‘ಡೇ ಬೈ ಡೇ’.

ಹೋಗಿ ಬರುವ ವಿಷಯ. ‘ಬಸ್ಸಲ್ಲಿ ಬಂದೆ’ ಅನ್ನುವ ‘ಅಲ್ಲಿ’ಯನ್ನು ಹಾಗೇ ಎತ್ತಿ ‘ಇನ್ ಬಸ್’ ಅಂದುಬಿಡುತ್ತೇವೆ. ‘ಬೈ ಬಸ್’, ‘ಬೈ ಟ್ರೈನ್’ ಅನ್ನಿ. ಆದರೆ ಯಾವ ಬಸ್ಸು, ಯಾರ ಕಾರು ಅಂತ ಹೇಳಿದ ಕೂಡಲೇ ಬೈ ಬಿಡಬೇಕು. ‘ಇನ್ ಮೈ ಕಾರ್’, ‘ಆನ್ ದ ಎಯ್ಟ್ ಓ ಕ್ಲಾಕ್ ಬಸ್’. ನಡೆದುಕೊಂಡು ಬಂದರೆ ‘ಬೈ ವಾಕ್’ ಅಲ್ಲ, ‘ಆನ್ ಫುಟ್’. ಇನ್ನೂ ಒಳ್ಳೆಯದು ‘ಐ ವಾಕ್ಡ್’. ಪತ್ರ ಕಳಿಸುವುದಾದರೆ ‘ಬೈ ಪೋಸ್ಟ್’, ‘ಬೈ ಈಮೇಲ್’. ಸರ್ಕಾರಿ ಕಚೇರಿಯ ಲಕೋಟೆ ಮೇಲೆ ‘ಮುದ್ದಾಂ ಮೂಲಕ’ ಅಂತ ಬರೆದಿರುವುದನ್ನು ನೋಡಿದ್ದೀರಲ್ಲ, ಅದು ‘ಬೈ ಹ್ಯಾಂಡ್’. ಬಾಯಿಪಾಠ ಮಾಡುವುದು ‘ಲರ್ನ್ ಬೈ ಹಾರ್ಟ್’. ನಾವು ‘ಬೈಹಾರ್ಟ್ ಮಾಡು’ ಅನ್ನುತ್ತೇವೆ. ಕನ್ನಡದಲ್ಲಿ ಅದು ಸರಿ. ಇಂಗ್ಲಿಷಿನಲ್ಲಿ ಮಾತ್ರ ಮೊದಲಿಗೆ ಲರ್ನ್ ಬರಲೇಬೇಕು.

ಕಿವಿಗೆ ಒಂದೇ ಥರ ಕೇಳಿದರೂ ಸಂಬಂಧವಿಲ್ಲದ ಎರಡು ಪದ ಇವೆ. ಸಹಕಾರ ಸಂಘದ ಬೈಲಾದಲ್ಲಿರುವ ಬೈ, ಹಿಂದೆ ಉತ್ತರ ಯುರೋಪಿನಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ಭಾಷೆಯಲ್ಲಿ ‘ಊರು’ ಅನ್ನುವ ಪದದಿಂದ ಬಂದದ್ದು ಅನ್ನುತ್ತಾರೆ. ಇಂಗ್ಲೆಂಡಿನ ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಊರುಗಳ ಕೊನೆಯಲ್ಲಿರುವ ‘ಬಿ’ಯೂ ಅದೇ. ಹೊರಡುವಾಗ ಹೇಳುವ ಗುಡ್‌ಬೈ ‘ಗಾಡ್ ಬಿ ವಿತ್ ಯೀ’ ಅನ್ನುವುದು ಸವೆದು ಆದದ್ದು, ಅಂದರೆ ದೇವರು ನಿಮ್ಮೊಂದಿಗಿರಲಿ.

ಈಗ ಐದು ವಾಕ್ಯ ಕೊಡುತ್ತೇನೆ. ಕೆಳಗೆ ನೋಡದೆ, ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳಿ. ಬಾಡಿಗೆ 5ನೇ ತಾರೀಕಿನೊಳಗೆ ಕೊಡಿ. ಅವರು ಆರು ಗಂಟೆ ತನಕ ಆಫೀಸಲ್ಲಿರ್ತಾರೆ. ಬಾಡಿಗೆ 500 ರೂಪಾಯಿ ಜಾಸ್ತಿ ಮಾಡಿದ್ರು. ಮೂರು ದಿನದೊಳಗೆ ಉತ್ತರ ಕೊಡ್ತೀವಿ. ಚಾಕುವಿನಿಂದ ಹಣ್ಣು ಕತ್ತರಿಸಿದೆ.

ಉತ್ತರಗಳು: ‘ಪೇ ದ ರೆಂಟ್ ಬೈ ದ ಫಿಫ್ತ್.’ ‘ದೇ ವಿಲ್ ಬಿ ಇನ್ ದ ಆಫೀಸ್ ಅಂಟಿಲ್ ಸಿಕ್ಸ್.’ ‘ದೇ ರೇಯ್ಸ್ಡ್ ದ ರೆಂಟ್ ಬೈ ಫೈವ್ ಹಂಡ್ರೆಡ್ ರುಪೀಸ್.’ ‘ವಿ ವಿಲ್ ರಿಪ್ಲೈ ವಿದಿನ್ ತ್ರೀ ಡೇಸ್.’ ‘ಐ ಕಟ್ ದ ಫ್ರೂಟ್ ವಿತ್ ಎ ನೈಫ್.’ ಬೈ ಬಂದದ್ದು ಎರಡರಲ್ಲಿ ಮಾತ್ರ. ಉಳಿದ ಮೂರರಲ್ಲಿ ಎಲ್ಲಾದರೂ ನಿಮ್ಮ ಬಾಯಿಗೆ ಬೈ ಬಂದಿದ್ದರೆ ಆ ವಾಕ್ಯವನ್ನು ಇನ್ನೊಮ್ಮೆ ಕನ್ನಡದಲ್ಲಿ ನಿಧಾನವಾಗಿ ಹೇಳಿ, ಬಾಲ ಕೇಳಿಸಿಕೊಂಡು, ಆಮೇಲೆ ಇಂಗ್ಲಿಷಿಗೆ ಬನ್ನಿ.