ಮೇಪಲ್ಲಾ, ಬರ್ಚಾ, ಪಾಪ್ಲರ್ರಾ? ಡ್ರಮ್ ಕಿಟ್‌ನಲ್ಲಿ ಮರದ ದನಿ ಕೇಳೋದು ಹೇಗೆ

ಡ್ರಮ್ ಕಿಟ್ ತಗೊಳ್ಳೋಕೆ ಹೊರಟೋರೆಲ್ಲ ಮೊದ್ಲು ಕೇಳೋದು ಮೇಪಲ್ ತಗೊಳ್ಲಾ ಬರ್ಚ್ ತಗೊಳ್ಲಾ ಅಂತ, ನಾನೂ ಅದನ್ನೇ ಕೇಳಿದ್ದೆ. ಇಷ್ಟು ವರ್ಷ ಬಾರಿಸಿದ್ಮೇಲೆ ಹೇಳ್ತೀನಿ, ಮರಕ್ಕೆ ಅದರದ್ದೇ ದನಿ ಖಂಡಿತ ಇದೆ, ಆದ್ರೆ ಅದು ಕಿವಿಗೆ ಬೀಳ್ಬೇಕು ಅಂದ್ರೆ ಹೆಡ್ಡು (ಮೇಲೆ ಬಿಗಿಯೋ ಪ್ಲಾಸ್ಟಿಕ್ ಹೊದಿಕೆ), ಟ್ಯೂನಿಂಗು, ಶೆಲ್‌ನ (ಡ್ರಮ್ಮಿನ ಮರದ ಒಡಲಿನ) ಅಂಚು ಮೂರೂ ಸರಿಯಿರ್ಬೇಕು, ಇಲ್ದಿದ್ರೆ ಎಷ್ಟೇ ದುಡ್ಡು ಕೊಟ್ಟು ತಂದ ಮೇಪಲ್ಲೂ ರಟ್ಟಿನ ಡಬ್ಬ ಬಡಿದ ಹಾಗೆ ಕೇಳತ್ತೆ.

ನಮ್ಮ ಮೃದಂಗಾನೋ ಯಕ್ಷಗಾನದ ಚಂಡೆನೋ ತಗೊಳ್ಳಿ, ಹಲಸಿನ ದಿಮ್ಮಿನ ಒಳಗಿಂದ ಕೊರೆದು ಮಾಡೋದು, ಇಡೀ ಒಡಲು ಒಂದೇ ಮರ. ಸಾಮಾನ್ಯ ಡ್ರಮ್ ಕಿಟ್ ಹಾಗಲ್ಲ, ತೆಳ್ಳಗೆ ಸೀಳಿದ ಮರದ ಹಾಳೆಗಳನ್ನ ಒಂದರ ಮೇಲೊಂದು ಗೋಂದು ಹಾಕಿ ಅಚ್ಚಲ್ಲಿ ಒತ್ತಿ ಉರುಟಾಗಿ ಮಾಡಿರ್ತಾರೆ, ಈ ಪದರಕ್ಕೇ ಪ್ಲೈ ಅನ್ನೋದು. ಅದಕ್ಕೇ ಯಾವ ಮರ ಅನ್ನೋದರ ಜೊತೆ ಎಷ್ಟು ದಪ್ಪ ಅಂತಾನೂ ಕೇಳ್ಬೇಕು. 5-6 ಮಿಲಿಮೀಟರ್‌ನ ತೆಳು ಶೆಲ್ ಬೇಗ ನಡುಗತ್ತೆ, ದನಿ ತಗ್ಗಿನಲ್ಲಿ ಬೆಚ್ಚಗಿರತ್ತೆ. ದಪ್ಪ ಶೆಲ್ ಅಷ್ಟು ಬಾಗಲ್ಲ, ಪಿಚ್ ಮೇಲಿರತ್ತೆ, ಸದ್ದು ಗಟ್ಟಿಯಾಗಿ ದೂರಕ್ಕೆ ಹೋಗತ್ತೆ.

ಈಗ ಮರದ ವಿಷ್ಯ. ಮೇಪಲ್‌ನಲ್ಲಿ ತಗ್ಗು, ಮಧ್ಯ, ಮೇಲು ಎಲ್ಲಾ ಹದವಾಗಿರತ್ತೆ, ಟಾಮ್ (ಕಿಟ್‌ನ ಮಧ್ಯಮ ಗಾತ್ರದ ಡ್ರಮ್) ಹೊಡೆದ್ರೆ ದನಿ ಸ್ವಲ್ಪ ಹೊತ್ತು ನಿಂತು ನಿಧಾನಕ್ಕೆ ಕರಗತ್ತೆ. ಬರ್ಚ್‌ನಲ್ಲಿ ಮಧ್ಯದ ಭಾಗ ಸ್ವಲ್ಪ ಒಳಗೆ ಹೋಗಿ ಕೋಲು ಬಿದ್ದ ಏಟು ಚುರುಕಾಗಿ ಮುಂದೆ ಬರತ್ತೆ, ದನಿ ಬೇಗ ನಿಲ್ಲತ್ತೆ, ಹಾಗಾಗಿ ಮೈಕ್ ಮುಂದೆ ಕೆಲ್ಸ ಸುಲಭ. ಯಮಹಾದವರು 1970ರ ದಶಕದಲ್ಲಿ ತಂದ ಬರ್ಚ್ ಕಿಟ್‌ಗೆ ಮುಂದೆ ರೆಕಾರ್ಡಿಂಗ್ ಕಸ್ಟಮ್ ಅಂತ ಹೆಸರು ಬಂದಿದ್ದು ಸುಮ್ನೆ ಅಲ್ಲ, ಅಮೆರಿಕದ ಹೆಸರಾಂತ ಸ್ಟುಡಿಯೋ ಡ್ರಮ್ಮರ್ ಸ್ಟೀವ್ ಗ್ಯಾಡ್ ಬಾರಿಸ್ತಿದ್ದ ಕಿಟ್ ಅದು. ಮಹಾಗನಿ ಅಂದ್ರೆ ಕೆಳಗಿನ ದನಿ ತುಂಬಿಕೊಂಡು, ಮೇಲಿನ ಹೊಳಪು ಕಮ್ಮಿ. ಬುಬಿಂಗಾ ಮಧ್ಯ ಆಫ್ರಿಕಾದ ಗಟ್ಟಿ ಮರ, ಜೋರು ಸದ್ದು, ಆದ್ರೆ 2017ರಲ್ಲಿ ಸೈಟಿಸ್ ಅನ್ನೋ, ಅಪಾಯದಲ್ಲಿರೋ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ್ಮೇಲೆ ಹೊಸ ಕಿಟ್‌ಗಳಲ್ಲಿ ಕಾಣೋದು ಅಪರೂಪ.

ಪಾಪ್ಲರ್ ಬಗ್ಗೆ ನಂಗೆ ಸ್ವಲ್ಪ ಜಾಸ್ತೀನೇ ಹೇಳೋದಿದೆ, ಯಾಕಂದ್ರೆ ಅಗ್ಗದ ಮರ ಅಂತ ಎಲ್ರೂ ಮೂಗು ಮುರೀತಾರೆ. 1960ರ ದಶಕದ ಲುಡ್ವಿಗ್ ಕಂಪನಿಯ ಶೆಲ್‌ಗಳು, ಬೀಟಲ್ಸ್‌ನ ರಿಂಗೋ ಸ್ಟಾರ್ ಬಾರಿಸ್ತಿದ್ದ ಕಾಲದವು, ಅವು 3 ಪ್ಲೈ, ನಡುವಿನ ಪದರ ಪಾಪ್ಲರ್ರೇ. ಇವತ್ತು ಜನ ಹುಡುಕಿಕೊಂಡು ಹೋಗಿ ಅವನ್ನ ತಗೊಳ್ತಾರೆ!

ನನ್ನ ಮೊದಲ ಕಿಟ್ಟೂ ಪಾಪ್ಲರ್, ಸೆಕೆಂಡ್ ಹ್ಯಾಂಡ್. 12 ಇಂಚಿನ ಟಾಮ್ ಎಷ್ಟು ಟ್ಯೂನ್ ಮಾಡಿದ್ರೂ ಒಂಥರಾ ಗೊಂಯ್ ಅಂತ ಅಲೆ ಅಲೆಯಾಗಿ ಕೇಳ್ತಿತ್ತು, ಮರಾನೇ ಸರಿ ಇಲ್ಲ ಅಂತ ಆರು ತಿಂಗಳು ಬೈಕೊಂಡೇ ಬಾರಿಸ್ದೆ. ಕೊನೆಗೆ ಒಂದು ರಾತ್ರಿ ಹೆಡ್ ಎರಡೂ ಬಿಚ್ಚಿ, ಬರೀ ಶೆಲ್ಲನ್ನ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಬೋರಲು ಹಾಕಿ, ಒಳಗೆ ಮೊಬೈಲ್ ಟಾರ್ಚ್ ಇಟ್ಟು, ಲೈಟ್ ಆಫ್ ಮಾಡಿ ನೋಡಿದೆ. ಒಂದು ಲಗ್ (ಹೆಡ್ ಬಿಗಿಯೋ ಸ್ಕ್ರೂ ಕೂರೋ ಲೋಹದ ತುಂಡು) ಪಕ್ಕದಲ್ಲಿ ಎರಡು ಬೆರಳಗಲ ಬೆಳಕಿನ ಗೆರೆ. ಅಲ್ಲಿ ಅಂಚು ತಗ್ಗಿತ್ತು, ಹೆಡ್ ಶೆಲ್‌ಗೆ ಸರಿಯಾಗಿ ಕೂರ್ತಾನೇ ಇರ್ಲಿಲ್ಲ. ಅಂಚು ಹೊಸದಾಗಿ ಕತ್ತರಿಸಿ ಸಮ ಮಾಡಿಸಿದ್ಮೇಲೆ ಅದೇ ಟಾಮ್ ಬಾಯಿ ಬಿಟ್ಟು ಹಾಡ್ತು, ಪಾಪ ಆ ಮರದ್ದು ಏನೂ ತಪ್ಪಿರ್ಲಿಲ್ಲ.

ಅದಕ್ಕೇ ನೀವೂ ಮೊದ್ಲು ಈ ಪರೀಕ್ಷೆ ಮಾಡಿ. ಹೆಡ್ ಬಿಚ್ಚಿದಾಗ್ಲೇ ಅಂಚಲ್ಲಿ ಪದರ ಎಣಿಸಿ ನೋಡಿ, ಹೊರಗೆ ಮಾತ್ರ ಚಂದದ ಒಂದು ಹಾಳೆ ಅಂಟಿಸಿ ಒಳಗೆ ಬೇರೆ ಮರ ಇದ್ರೆ ಗೊತ್ತಾಗತ್ತೆ. ಆಮೇಲೆ ಎರಡು ಕಡೆಗೂ 10 ಮಿಲ್ (ಒಂದು ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪದ ಸಿಂಗಲ್ ಪ್ಲೈ ಕೋಟೆಡ್ (ಒಂದೇ ಪದರದ, ಮೇಲೆ ಲೇಪ ಇರೋ) ಹೆಡ್ ಹಾಕಿ, ರೆಮೋ ಅಂಬಾಸಡರ್ ಥರದ್ದು, ದಪ್ಪ 2 ಪ್ಲೈ ಹೆಡ್ ಹಾಕಿದ್ರೆ ಹೆಡ್ಡೇ ಅರ್ಧ ದನಿ ನುಂಗತ್ತೆ, ಮರದ ವ್ಯತ್ಯಾಸ ತಿಳಿಯಲ್ಲ. ಸ್ಕ್ರೂ ಎಲ್ಲಾ ಬೆರಳಲ್ಲಿ ಬಿಗಿ ಆದ್ಮೇಲೆ ಡ್ರಮ್ ಕೀ (ಸ್ಕ್ರೂ ತಿರುಗಿಸೋ ಕೀಲಿ) ಹಾಕಿ ಎದುರುಬದುರು ಅರ್ಧರ್ಧ ಸುತ್ತು ತಿರುಗಿಸ್ತಾ ಹೋಗಿ, ಪ್ರತಿ ಲಗ್‌ನಿಂದ ಒಂದು ಇಂಚು ಒಳಗೆ ತಟ್ಟಿ ಎಲ್ಲಾ ಕಡೆ ಒಂದೇ ಪಿಚ್ ಬರೋ ತನಕ ಬಿಡ್ಬೇಡಿ. ಎರಡು ಕಿಟ್ ಹೋಲಿಸೋದಾದ್ರೆ ಒಂದೇ ಸೈಜ್, ಒಂದೇ ಹೆಡ್, ಒಂದೇ ಪಿಚ್ ಇರ್ಲಿ, ಮತ್ತೆ ಬೇರೆಯವ್ರಿಗೆ ಬಾರಿಸೋಕೆ ಹೇಳಿ ನೀವು ಹತ್ತಡಿ ದೂರ ನಿಂತು ಕೇಳಿ, ಸ್ಟೂಲ್ ಮೇಲೆ ಕೂತಾಗ ಕೇಳೋ ದನೀನೇ ಬೇರೆ.

ಇನ್ನು ಯಾರಿಗೆ ಯಾವ್ದು ಅಂದ್ರೆ, ಸ್ಟುಡಿಯೋ ಕೆಲ್ಸ ಜಾಸ್ತಿ ಇದ್ರೆ ಅಥ್ವಾ ಜೋರು ಗಿಟಾರ್ ಮಧ್ಯೆ ಏಟು ಕೇಳಿಸ್ಬೇಕು ಅಂದ್ರೆ ನಾನಂತೂ ಬರ್ಚ್ ಅಂತೀನಿ, ಯಮಹಾ ಸ್ಟೇಜ್ ಕಸ್ಟಮ್ ಥರದ ಪೂರ್ತಿ ಬರ್ಚ್ ಕಿಟ್ ಆಗಬಹುದು. ಜಾಝ್, ಭಾವಗೀತೆ, ಚರ್ಚ್, ಎಲ್ಲಾ ಕಡೆ ಒಂದೇ ಕಿಟ್ ಹೊತ್ಕೊಂಡು ಹೋಗೋರಿಗೆ ಮೇಪಲ್. ಬಜೆಟ್ ಕಮ್ಮಿ ಇದ್ರೆ ಪಾಪ್ಲರ್ ತಗೊಂಡು, ಉಳಿದ ದುಡ್ಡಲ್ಲಿ ಒಳ್ಳೆ ಹೆಡ್ ಹಾಕಿ, ಅಂಚು ಸರಿ ಮಾಡಿಸಿ. ಮಂಗ್ಳೂರು ಉಡುಪಿ ಕಡೆಯವ್ರು ಮಳೆಗಾಲದಲ್ಲಿ ಕಿಟ್ಟನ್ನ ಗೋಡೆಗೆ ಒತ್ತಿ ಇಡ್ಬೇಡಿ, ತೇವಕ್ಕೆ ಶೆಲ್ ಒಂಚೂರು ಉಬ್ಬಿದ್ರೂ ಅದರ ರೂಪ ಹೋಗತ್ತೆ, ಹೆಡ್ ಕೂರಲ್ಲ.